ಸಂಪಾದಕರ ಉತ್ತರ: ಲೆಕ್ಕ ಕಣ್ಣೆದುರೇ ಇತ್ತು, ಓದಿದವರು ಕಮ್ಮಿ

ಕ್ಯಾಲಿಫೋರ್ನಿಯಾದ ಅರ್ವೈನ್‌ನಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ಗ್ರಾಮ ಪಂಚಾಯಿತಿ ಜಮಾಬಂದಿ, ಅಂದರೆ ಪಂಚಾಯಿತಿ ಲೆಕ್ಕವನ್ನು ಊರ ಮುಂದೆ ಓದಿ ಹೇಳುವ ಸಭೆ, ಅದರ ಬಗ್ಗೆ ನಾವು ಹಾಕಿದ ಲೇಖನ ಓದಿ ನೀವು ಎರಡು ಮಾತು ಬರೆದಿದ್ದೀರಿ. ಒಂದು, ಇಂಥ ತಾಪತ್ರಯವೆಲ್ಲ ಊರ ಕಡೆ ಮಾತ್ರ, ನಿಮ್ಮ ಆರೆಂಜ್ ಕೌಂಟಿಯಲ್ಲಿ ಪ್ರತಿ ಡಾಲರಿನ ಲೆಕ್ಕವೂ ಜನರ ಮುಂದೆ ಇರುತ್ತದೆ, ಮುಚ್ಚುಮರೆ ಇಲ್ಲ ಅಂತ. ಇನ್ನೊಂದು, ವರ್ಷಕ್ಕೆ ಎರಡು ಕಂತು ಆಸ್ತಿ ತೆರಿಗೆ ಕಟ್ಟಿದರೂ ವೀಸಾದ ಮೇಲಿರುವ ನಿಮಗೆ ವೋಟಿಲ್ಲ, ಹಾಗಾಗಿ ಕೇಳುವ ಹಕ್ಕೂ ಇಲ್ಲ ಅಂತ. ಎರಡನ್ನೂ ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆಯಂಥದ್ದು. ಅಮೆರಿಕದಲ್ಲಿ ಕೌಂಟಿ ದಿವಾಳಿ ಅಂದಕೂಡಲೇ ಬಹಳ ಜನರಿಗೆ ನೆನಪಾಗುವುದು ಆರೆಂಜ್ ಕೌಂಟಿಯೇ. 1994ರ ಡಿಸೆಂಬರ್ 6ರಂದು ಅದು ದಿವಾಳಿ ಅರ್ಜಿ ಹಾಕಿತು. ಬಡ ಕೌಂಟಿಯಲ್ಲ, ದೇಶದ ಶ್ರೀಮಂತ ಕೌಂಟಿಗಳಲ್ಲಿ ಒಂದು. ಆಗಿದ್ದಿಷ್ಟು. ರಾಬರ್ಟ್ ಸಿಟ್ರನ್ ಅನ್ನುವವರು ಅಲ್ಲಿನ ಖಜಾಂಚಿ, 1970ರ ದಶಕದಿಂದ ಗೆಲ್ಲುತ್ತಲೇ ಬಂದವರು. ಕೌಂಟಿಯ ದುಡ್ಡು, ಊರುಗಳ ದುಡ್ಡು, ಶಾಲೆಗಳ ದುಡ್ಡು, ನೀರಿನ ಮಂಡಳಿಗಳ ದುಡ್ಡು ಎಲ್ಲ ಸೇರಿ ಸುಮಾರು 750 ಕೋಟಿ ಡಾಲರ್ ಅವರ ಕೈಯಲ್ಲಿತ್ತು. ಅದರಿಂದ ಬಾಂಡು (ಬಡ್ಡಿ ಕೊಡುವ ಸಾಲಪತ್ರ) ಕೊಂಡರು, ಆ ಬಾಂಡುಗಳನ್ನೇ ಅಡವಿಟ್ಟು ಅಲ್ಪಾವಧಿ ಸಾಲ ತಂದರು, ಸಾಲದ ದುಡ್ಡಲ್ಲಿ ಮತ್ತೆ ಬಾಂಡು ಕೊಂಡರು, ಹೀಗೆ ಮಾಡಿ ಮಾಡಿ ಒಟ್ಟು ಹೂಡಿಕೆ 2,000 ಕೋಟಿ ಡಾಲರ್ ಮುಟ್ಟಿತು. ಬಡ್ಡಿ ದರ ಏರದೇ ಇದ್ದರೆ ಒಳ್ಳೆ ಲಾಭ. ಏರಿದರೆ ತಂದ ಸಾಲದ ಬಡ್ಡಿ ಹೆಚ್ಚುತ್ತದೆ, ಕೈಲಿರುವ ಬಾಂಡಿನ ಬೆಲೆ ಇಳಿಯುತ್ತದೆ, ಅಲ್ಲಿಗೆ ಮುಗಿಯಿತು. 1994ರ ಫೆಬ್ರವರಿಯಿಂದ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ದರ ಏರಿಸುತ್ತಾ ಹೋಯಿತು, ನವೆಂಬರ್ ಹೊತ್ತಿಗೆ ಶೇ. 3 ಇದ್ದದ್ದು ಶೇ. 5.5 ಆಯಿತು. ಸುಮಾರು 160 ಕೋಟಿ ಡಾಲರ್ ನಷ್ಟ.

ಇದು ಗುಟ್ಟಾಗಿ ನಡೆದದ್ದಲ್ಲ, ದಯವಿಟ್ಟು ಇದನ್ನು ಗಮನಿಸಿ. ಸಿಟ್ರನ್ ಸಾಲ ತಂದು ಹೂಡುತ್ತಾರೆ ಅನ್ನುವುದು ಗೊತ್ತಿದ್ದ ವಿಷಯ. ಆ ವರ್ಷ ಜೂನ್‌ನಲ್ಲಿ ಖಜಾಂಚಿ ಚುನಾವಣೆ ಇತ್ತು. ಎದುರಿಗೆ ನಿಂತ ಜಾನ್ ಮೂರ್ಲಾಕ್ ವೃತ್ತಿಯಲ್ಲಿ ಲೆಕ್ಕಿಗರು. ಈ ಹೂಡಿಕೆ ಅಪಾಯದಲ್ಲಿದೆ ಅಂತ ಪ್ರಚಾರದಲ್ಲಿ ಬಿಡಿಸಿ ಹೇಳಿದರು. ಜನ ಸಿಟ್ರನ್ ಅವರನ್ನೇ ಗೆಲ್ಲಿಸಿದರು! ಬಡ್ಡಿ ಚೆನ್ನಾಗಿ ಬರುತ್ತಿತ್ತು, ಅದರಿಂದ ತೆರಿಗೆ ಏರಿಸದೆ ಖರ್ಚು ನಡೆಯುತ್ತಿತ್ತು, ಯಾರಿಗೆ ಬೇಡ ಹೇಳಿ? ಸುಮ್ನೆ ದುಡ್ಡು ಇಟ್ಟದ್ದು ಸಾಲದು ಅಂತ ಕೆಲವು ಶಾಲಾ ಜಿಲ್ಲೆಗಳು (ಆಯಾ ಊರಿನ ಸರ್ಕಾರಿ ಶಾಲೆ ನಡೆಸುವ ಸಂಸ್ಥೆಗಳು) ಸಾಲ ಮಾಡಿ ತಂದು ಈ ಫಂಡಿಗೆ ಹಾಕಿದವು. ನಿಮ್ಮ ಅರ್ವೈನ್ ಶಾಲಾ ಜಿಲ್ಲೆಯೂ ಅದರಲ್ಲಿತ್ತು.

ಕೌಂಟಿಯನ್ನು ನಡೆಸುವುದು 5 ಜನ ಸೂಪರ್‌ವೈಸರ್‌ಗಳು. ಬಾಂಡು ಮಾರುವಾಗ ಹೂಡಿಕೆದಾರರಿಗೆ ಕೊಡುವ ವಿವರಪತ್ರಕ್ಕೆ ಒಪ್ಪಿಗೆ ಕೊಟ್ಟದ್ದು ಅವರೇ. ಆಮೇಲೆ ಅಮೆರಿಕದ ಷೇರುಪೇಟೆ ನಿಯಂತ್ರಕರು 1996ರಲ್ಲಿ ವರದಿ ಹೊರಡಿಸಿ, ವಿವರಪತ್ರದಲ್ಲಿ ಇರುವುದು ನಿಜವೇ ಅಂತ ನೋಡುವ ಜವಾಬ್ದಾರಿ ನಿಮ್ಮದಾಗಿತ್ತು, ನೀವು ಮಾಡಲಿಲ್ಲ ಅಂತ ಆ ಮಂಡಳಿಗೇ ಹೇಳಿದರು. ಸಿಟ್ರನ್ 6 ಅಪರಾಧಗಳಲ್ಲಿ ತಪ್ಪೊಪ್ಪಿಕೊಂಡರು. ಬೇರೆ ಸಂಸ್ಥೆಗಳಿಗೆ ಸಲ್ಲಬೇಕಾದ ಬಡ್ಡಿಯನ್ನು ಕೌಂಟಿ ಖಾತೆಗೆ ತಿರುಗಿಸಿದ್ದೂ ಹೊರಬಂತು. ಸ್ವಂತಕ್ಕೆ ಒಂದು ಡಾಲರ್ ತಿಂದಿರಲಿಲ್ಲ. ನನಗೆ ಇದೇ ಜಾಸ್ತಿ ಭಯ ಹುಟ್ಟಿಸುವ ಸಂಗತಿ, ಯಾಕಂದರೆ ನಾವು ಕಳ್ಳನನ್ನು ಹುಡುಕುವುದರಲ್ಲೇ ಇರುತ್ತೇವೆ. ಕದಿಯದೆಯೂ ಊರಿನ ಹಣ ಮುಳುಗಿಸಬಹುದು.

ಕೌಂಟಿಯ ಹುದ್ದೆಗಳು ಕಡಿತವಾದವು. ಡಾಲರಿಗೆ ಅರ್ಧ ಸೆಂಟ್ ಮಾರಾಟ ತೆರಿಗೆ ಏರಿಸೋಣ ಅಂದರೆ 1995ರಲ್ಲಿ ಜನ ವೋಟು ಹಾಕಿ ಬೇಡ ಅಂದರು. ಕೊನೆಗೆ ಬಸ್ಸಿಗೆ ಹೋಗಬೇಕಿದ್ದ ತೆರಿಗೆ ಹಣವನ್ನು ಸಾಲ ತೀರಿಸಲು ತಿರುಗಿಸಿದರು. ಕಾರಿಲ್ಲದವರು, ಬಸ್ಸನ್ನೇ ನಂಬಿ ಕೆಲಸಕ್ಕೆ ಹೋಗುವವರು ಇದಕ್ಕೆ ಬೆಲೆ ತೆತ್ತರು. ಸಿಟ್ರನ್ ಅವರಿಗೆ ಬಾಂಡು ಮಾರಿದ್ದ ಮೆರಿಲ್ ಲಿಂಚ್ ಕಂಪನಿಯ ಮೇಲೆ ಕೌಂಟಿ ಕೇಸು ಹಾಕಿತ್ತು, ಅದು 40 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡಿತು. ದಿವಾಳಿ ಸಾಲದ ಕೊನೆ ಕಂತು ತೀರಿದ್ದು 2017ರಲ್ಲಿ.

ಅದೆಲ್ಲ ಹಳೇ ಕಥೆ ಅಂತ ನೀವು ಹೇಳಬಹುದು. ಸರಿ, ಹೊಸದನ್ನೇ ನೋಡೋಣ. ಕೋವಿಡ್ ಪರಿಹಾರದ ಹಣ ಬಂದಾಗ ಪ್ರತಿ ಸೂಪರ್‌ವೈಸರ್‌ಗೆ ತಮ್ಮ ಕ್ಷೇತ್ರಕ್ಕಾಗಿ ಒಂದಿಷ್ಟು ಹಣ ಹಂಚುವ ಅಧಿಕಾರ ಇತ್ತು. ಆಂಡ್ರ್ಯೂ ಡೋ ಅನ್ನುವ ಸೂಪರ್‌ವೈಸರ್, ವಯಸ್ಸಾದವರಿಗೆ ಊಟ ಕೊಡುವ ಹೆಸರಲ್ಲಿ ಒಂದು ಸಂಸ್ಥೆಗೆ ಲಕ್ಷ ಲಕ್ಷ ಡಾಲರ್ ಕೊಡಿಸಿದರು. ಆ ಸಂಸ್ಥೆಗೂ ಅವರ ಮಗಳಿಗೂ ನಂಟಿತ್ತು. ಸಾರ್ವಜನಿಕ ಸಭೆಯ ಅಜೆಂಡಾದಲ್ಲಿ ಬಾರದೆಯೇ, ವೋಟಿಗೆ ಹಾಕದೆಯೇ ಈ ಹಣದಲ್ಲಿ ಒಂದು ಭಾಗ ಹೋಯಿತು. 2023ರ ಕೊನೆಯಲ್ಲಿ ಅಲ್ಲಿನ ಸ್ಥಳೀಯ ಸುದ್ದಿಸಂಸ್ಥೆಯ ವರದಿಗಾರರು ಕೌಂಟಿ ದಾಖಲೆ ತರಿಸಿಕೊಂಡು ಒಂದೊಂದೇ ಹಾಳೆ ನೋಡಿ ಇದನ್ನು ಬಯಲಿಗೆಳೆದರು. 2024ರಲ್ಲಿ ಡೋ ತಪ್ಪೊಪ್ಪಿಕೊಂಡರು. 5.5 ಲಕ್ಷ ಡಾಲರ್‌ಗೂ ಮಿಕ್ಕಿ ಲಂಚ, ಅದರಲ್ಲಿ ಒಂದು ಪಾಲು ನಿಮ್ಮ ಪಕ್ಕದ ಟಸ್ಟಿನ್‌ನಲ್ಲಿ ಮಗಳಿಗೆ ಮನೆ ಕೊಳ್ಳಲು ಹೋಗಿತ್ತು. 2025ರ ಜೂನ್‌ನಲ್ಲಿ 5 ವರ್ಷ ಜೈಲು ಆಯಿತು. ಊಟಕ್ಕೆಂದು ಕೊಟ್ಟ ಹಣದಲ್ಲಿ ಊಟಕ್ಕೆ ಬಳಕೆಯಾದದ್ದು ಶೇ. 15ರಷ್ಟು ಮಾತ್ರ ಅನ್ನುವುದು ಸರ್ಕಾರಿ ವಕೀಲರ ಲೆಕ್ಕ. ಕೋವಿಡ್ ಸಮಯದಲ್ಲಿ ಮನೆಯಿಂದ ಹೊರಗೆ ಬರಲಾರದ ಮುದುಕರ ಊಟ ಅದು. ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ ಅಲ್ಲಿ ಎಲ್ಲ ಕೆಟ್ಟುಹೋಗಿದೆ ಅಂತ ನಾನು ಹೇಳುತ್ತಿಲ್ಲ. ದಾಖಲೆ ಸಿಕ್ಕಿತು, ಅದಕ್ಕೇ ಡೋ ಸಿಕ್ಕಿಬಿದ್ದರು. ಆದರೆ ಯಾರೋ ಒಬ್ಬರು ಕೂತು ಕೇಳಿ ತರಿಸಿ ಓದಿದ್ದರಿಂದ ಸಿಕ್ಕಿತು, ತಾನಾಗಿ ಬಂದು ಎದುರಿಗೆ ನಿಲ್ಲಲಿಲ್ಲ. ನಮ್ಮ ಜಮಾಬಂದಿಗೂ ಇದೇ ಮಾತು. ಪಂಚಾಯಿತಿ ಲೆಕ್ಕ ಓದಿ ಹೇಳುವ ದಿನ ಇಡೀ ಊರು ಗದ್ದೆಗೋ ಸಂತೆಗೋ ಹೋಗಿದ್ದರೆ ಆ ಲೆಕ್ಕ ಬಿಚ್ಚಿಟ್ಟೂ ಪ್ರಯೋಜನವಿಲ್ಲ, ಅಲ್ವಾ?

ಇನ್ನು ನಿಮ್ಮ ಎರಡನೇ ಮಾತು. ವೋಟಿಲ್ಲ, ನಿಜ. ಕೇಳುವ ಹಕ್ಕು ಖಂಡಿತ ಇದೆ. ಸ್ಥಳೀಯ ಆಡಳಿತದ ಸಭೆಗಳು ಜನರಿಗೆ ತೆರೆದಿರಬೇಕು ಅನ್ನುವ ಬ್ರೌನ್ ಕಾಯ್ದೆ ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಇದೆ. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಹಾಕಬೇಕು, ಜನರಿಗೆ ಮಾತಾಡಲು ಅವಕಾಶ ಕೊಡಬೇಕು. ಸಭೆಗೆ ಬರಬೇಕಾದರೆ ಹೆಸರು ಬರೆಯಲೇಬೇಕು ಅಂತ ಒತ್ತಾಯಿಸುವಂತಿಲ್ಲ, ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುವ ಪ್ರಶ್ನೆಯೇ ಇಲ್ಲ. 1968ರ ಸಾರ್ವಜನಿಕ ದಾಖಲೆ ಕಾಯ್ದೆಯಡಿ ಯಾರು ಬೇಕಾದರೂ ದಾಖಲೆ ಕೇಳಬಹುದು, ಕೊಡುತ್ತೇವೋ ಇಲ್ಲವೋ ಅಂತ ಸಾಮಾನ್ಯವಾಗಿ 10 ದಿನದೊಳಗೆ ಕಚೇರಿಯವರು ತಿಳಿಸಬೇಕು. ನಮ್ಮ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಲು ಭಾರತದ ಪ್ರಜೆಯಾಗಿರಬೇಕು, ಅಲ್ಲಿ ಆ ಷರತ್ತೂ ಇಲ್ಲ. ಜೊತೆಗೆ ಪ್ರತಿ ವರ್ಷ 19 ಜನ ನಿವಾಸಿಗಳ ಗ್ರ್ಯಾಂಡ್ ಜ್ಯೂರಿ ಕೌಂಟಿ ಆಡಳಿತವನ್ನು ಪರಿಶೀಲಿಸುತ್ತದೆ. ಅದರಲ್ಲಿ ಕೂರಲು ಪ್ರಜೆಯಾಗಿರಬೇಕು, ಆದರೆ ದೂರು ನೀವೂ ಬರೆದು ಕಳಿಸಬಹುದು.

ಎಲ್ಲಿಂದ ಶುರು ಮಾಡಲಿ ಅಂದರೆ, ಡ್ರಾಯರಿನಲ್ಲಿರುವ ಆಸ್ತಿ ತೆರಿಗೆ ಬಿಲ್ ತೆಗೆಯಿರಿ. ತೆರಿಗೆಗಾಗಿ ಕೌಂಟಿ ಕಟ್ಟಿದ ಮನೆಯ ಬೆಲೆಯ ಮೇಲೆ ಶೇ. 1 ಮೂಲ ತೆರಿಗೆ. ಅದು ಪೂರ್ತಿ ಕೌಂಟಿಗೆ ಹೋಗಲ್ಲ, ದೊಡ್ಡ ಪಾಲು ಶಾಲೆಗಳಿಗೆ. ಕೆಳಗೆ ಸಾಲಾಗಿ ವಿಶೇಷ ಕರಗಳು. ಅರ್ವೈನ್‌ನ ಹೊಸ ಬಡಾವಣೆಗಳಲ್ಲಿ ಮೆಲ್ಲೋ-ರೂಸ್ ಅನ್ನುವುದು, ಅಂದರೆ ಬಡಾವಣೆಯ ರಸ್ತೆ, ಶಾಲೆಯಂಥ ಸೌಕರ್ಯಕ್ಕೆ ಬಾಂಡು ಮಾರಿ ತಂದ ಸಾಲ ತೀರಿಸುವ ಕರ, ಸಾವಿರಗಟ್ಟಲೆ ಡಾಲರ್ ಬರುತ್ತದೆ. ಆ ಸಾಲುಗಳ ಪಕ್ಕ ಫೋನ್ ನಂಬರ್ ಕೂಡ ಕೊಟ್ಟಿರುತ್ತಾರೆ. ಫೋನ್ ಮಾಡಿ, ಈ ಕರ ಯಾವ ಬಾಂಡಿಗೆ, ಯಾವ ವರ್ಷ ತೀರುತ್ತದೆ ಅಂತ ಕೇಳಿ.

ಜುಲೈ 1ಕ್ಕೆ ಕೌಂಟಿಯ ಹೊಸ ಹಣಕಾಸು ವರ್ಷ ಶುರುವಾಗುತ್ತದೆ, ಅದಕ್ಕೆ ಮುಂಚೆ ಬಜೆಟ್ ಸಭೆಗಳು ನಡೆಯುತ್ತವೆ. ನಿಮ್ಮ ಕ್ಷೇತ್ರದ ಸೂಪರ್‌ವೈಸರ್ ಹಂಚಿದ ಹಣ ಯಾವ ಸಂಸ್ಥೆಗೆ ಎಷ್ಟು ಹೋಯಿತು, ಕೆಲಸ ಆಯಿತು ಅಂತ ಯಾರು ಹೋಗಿ ನೋಡಿ ಬಂದರು, ಈ ಎರಡು ಪ್ರಶ್ನೆ ಬರೆದುಕೊಂಡು ಹೋಗಿ. ಏನು ಉತ್ತರ ಕೊಟ್ಟರು ಅಂತ ನಮಗೂ ಬರೆಯಿರಿ, ಇದೇ ಪುಟದಲ್ಲಿ ಹಾಕುತ್ತೇವೆ.

— ಸಂಪಾದಕ