ವಿಮೆಯ ಖರ್ಚು ಇಳಿಸಲು ಕತ್ತರಿ ಎಲ್ಲಿ ಹಾಕಬೇಕು?

ಪತ್ರ: ನಮ್ಮ ಕಾರ್ಖಾನೆಯಲ್ಲಿ 140 ಮಂದಿ ಇದ್ದೇವೆ. ಗುಂಪು ಆರೋಗ್ಯ ವಿಮೆಯ ಪ್ರೀಮಿಯಂ ಮೂರು ವರ್ಷದಿಂದ ಏರುತ್ತಲೇ ಇದೆ. ಇನ್ನು ಪ್ರತಿ ಬಿಲ್ಲಿನ ಒಂದು ಪಾಲನ್ನು ಕೆಲಸಗಾರರೇ ಕೊಡಲಿ, ಬದಲಿಗೆ ಜಿಮ್ ಸದಸ್ಯತ್ವ, ಹೆಜ್ಜೆ ಎಣಿಸುವ ಸ್ಪರ್ಧೆ ಕೊಡೋಣ ಎನ್ನುತ್ತಿದೆ ಆಡಳಿತ. ಇದು ಸರಿಯೇ?

ಸಂಪಾದಕರ ಉತ್ತರ: ಎರಡನ್ನೂ ಸದ್ಯಕ್ಕೆ ತಡೆಹಿಡಿಯಿರಿ. ನವೀಕರಣಕ್ಕೆ ಮೂರು ತಿಂಗಳಿರುವಾಗಲೇ ವಿಮಾ ಕಂಪನಿಯಿಂದ ಮೂರು ವರ್ಷದ ಕ್ಲೇಮು ವಿವರ ತರಿಸಿ. ಹೆಸರು ಬೇಡ, ದೊಡ್ಡ ಮೊತ್ತದವು ಬೇರೆಯಾಗಿರಲಿ. 140 ಜನರ ಗುಂಪಿನಲ್ಲಿ ಒಂದೇ ಒಂದು ಹೃದಯ ಶಸ್ತ್ರಚಿಕಿತ್ಸೆ ವರ್ಷದ ಲೆಕ್ಕವನ್ನೇ ತಲೆಕೆಳಗು ಮಾಡಬಲ್ಲದು. ಪ್ರೀಮಿಯಂ 100 ಕಟ್ಟಿ ಕ್ಲೇಮು 95 ಬಂದಿದೆ, ಅದರಲ್ಲಿ 40 ಒಬ್ಬರದೇ ಎಂದುಕೊಳ್ಳಿ. ಉಳಿದವರ ಖರ್ಚು 55 ಅಷ್ಟೆ. ಮುಂದಿನ ಪ್ರೀಮಿಯಂ ಲೆಕ್ಕ ಹಾಕುವಾಗ ಆ 40 ಅನ್ನು ಪೂರ್ತಿ ಕೈಬಿಡಿ ಎಂದರೆ ವಿಮಾ ಕಂಪನಿ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಮೂರು ವರ್ಷಕ್ಕೆ ಹಂಚಿ ಸರಾಸರಿ ಹಿಡಿಯಿರಿ ಎಂದು ಕೇಳುವುದು ನ್ಯಾಯ.

ಇನ್ನು ಬಿಲ್ಲಿನ ಪಾಲು. ಅಮೆರಿಕದ ರ‍್ಯಾಂಡ್ ಸಂಸ್ಥೆ 1974ರಿಂದ 1982ರವರೆಗೆ ಇದನ್ನೇ ಪ್ರಯೋಗ ಮಾಡಿ ನೋಡಿತ್ತು. ಪಾಲು ಕೊಡಬೇಕಾದವರ ಖರ್ಚು ಇಳಿಯಿತು, ನಿಜ. ಆದರೆ ಅವರು ಬೇಡದ ಚಿಕಿತ್ಸೆಯ ಜೊತೆಗೆ ಬೇಕಾದ್ದನ್ನೂ ಬಿಟ್ಟರು. ಬಡವರಲ್ಲಿ ರಕ್ತದೊತ್ತಡ ಇದ್ದವರಿಗೆ ಉಚಿತ ಚಿಕಿತ್ಸೆ ಸಿಕ್ಕಾಗ ಒತ್ತಡ ಹೆಚ್ಚು ಹತೋಟಿಯಲ್ಲಿತ್ತು. ಹಾಗಾಗಿ ಎಲ್ಲದಕ್ಕೂ ಒಂದೇ ದರದ ಪಾಲು ಹಾಕುವುದು ಮೊಂಡು ಕತ್ತರಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅಸ್ತಮಾದ ಮಾತ್ರೆ ಮತ್ತು ತಪಾಸಣೆಗೆ ಪಾಲು ಸೊನ್ನೆ ಇರಲಿ. ಇವನ್ನು ಬಿಟ್ಟವರೇ ಮುಂದೆ ಆಸ್ಪತ್ರೆಯ ಹಾಸಿಗೆಗೆ ಬರುವುದು. ದುಬಾರಿ ಕೋಣೆಗೆ, ಜೆನೆರಿಕ್ ಸಿಗುವಾಗಲೂ ಬ್ರ್ಯಾಂಡಿನ ಔಷಧಿಯೇ ಬೇಕೆನ್ನುವುದಕ್ಕೆ ಪಾಲು ಹಾಕಿ. ಒಬ್ಬರು ಕೊಡಬೇಕಾದ ಪಾಲಿಗೆ ವರ್ಷಕ್ಕೊಂದು ಮಿತಿ ಇಡಿ, ಅದೂ ಸಂಬಳಕ್ಕೆ ತಕ್ಕಂತೆ. ಎಲ್ಲರಿಗೂ ಒಂದೇ ಮೊತ್ತ ಎಂದರೆ ವ್ಯವಸ್ಥಾಪಕರಿಗೆ ಚಿಲ್ಲರೆ, ಸಹಾಯಕನಿಗೆ ತಿಂಗಳ ಬಾಡಿಗೆ.

ಜಿಮ್ ವಿಷಯದಲ್ಲಿ ನಮಗೆ ಉತ್ಸಾಹವಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸುಮಾರು 4,800 ಸಿಬ್ಬಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಇಂಥ ಕಾರ್ಯಕ್ರಮವನ್ನು ಪರೀಕ್ಷಿಸಿದಾಗ ವೈದ್ಯಕೀಯ ಖರ್ಚಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸೇರಿದವರು ಹೆಚ್ಚಾಗಿ ಮೊದಲೇ ಆರೋಗ್ಯವಾಗಿದ್ದವರು. ಸ್ಪರ್ಧೆ ಬೇಕೇ ಬೇಕೆಂದರೆ ಮನರಂಜನೆಯ ಲೆಕ್ಕದಲ್ಲಿ ಬರೆಯಿರಿ.

ಅದಕ್ಕಿಂತ ಅಗ್ಗದ ಸವಲತ್ತು ಪಾಳಿಯ ಪಟ್ಟಿ. ಅಮೆರಿಕದ ಗ್ಯಾಪ್ ಬಟ್ಟೆ ಮಳಿಗೆಗಳಲ್ಲಿ 2015-16ರ ಪ್ರಯೋಗದಲ್ಲಿ ಎಲ್ಲ ಕಡೆಯೂ ಎರಡು ವಾರ ಮೊದಲೇ ಪಟ್ಟಿ ಕೊಟ್ಟರು, ಕೆಲವು ಮಳಿಗೆಗಳಲ್ಲಿ ಅದರ ಜೊತೆಗೆ ಪಾಳಿಯ ಸಮಯವನ್ನು ಹೆಚ್ಚು ಸ್ಥಿರ ಮಾಡಿ, ಪಾಳಿ ಅದಲುಬದಲು ಮಾಡಿಕೊಳ್ಳಲೂ ಬಿಟ್ಟು ನೋಡಿದರು. ಉಳಿದವಕ್ಕೆ ಹೋಲಿಸಿದರೆ ಆ ಕೆಲವು ಮಳಿಗೆಗಳಲ್ಲಿ ಮಾರಾಟ ಸುಮಾರು 7% ಹೆಚ್ಚಿತು. ನಿದ್ದೆ, ಮಕ್ಕಳ ಶಾಲೆ, ವೈದ್ಯರ ಭೇಟಿ ಎಲ್ಲಕ್ಕೂ ಮೂಲ ಆ ಪಟ್ಟಿಯೇ. ಕೊನೇ ಗಳಿಗೆಯ ಬದಲಾವಣೆ ಯಾವ ಮೇಸ್ತ್ರಿಯಿಂದ ಎಷ್ಟು ಬಂತೆಂದು ತಿಂಗಳಿಗೊಮ್ಮೆ ಎಣಿಸಿ, ಇಲ್ಲದಿದ್ದರೆ ನಿಯಮ ಗೋಡೆಯ ಮೇಲಷ್ಟೇ ಉಳಿಯುತ್ತದೆ.

ಒಂದು ಎಚ್ಚರಿಕೆ. ವಿಮಾ ಕಂಪನಿಯಿಂದ ಕ್ಲೇಮುಗಳ ಕಾಯಿಲೆವಾರು ಪಟ್ಟಿ ಬೇಕಿದ್ದರೆ 10 ಜನರಿಗಿಂತ ಕಡಿಮೆ ಇರುವ ಸಾಲುಗಳನ್ನು 'ಇತರೆ'ಗೆ ಸೇರಿಸಿಯೇ ಕೊಡಲು ಹೇಳಿ, ದೊಡ್ಡ ಕ್ಲೇಮುಗಳ ಪಕ್ಕದಲ್ಲಿ ಮೊತ್ತ ಮಾತ್ರ ಇರಲಿ. 'ಮೂತ್ರಪಿಂಡ, ಒಬ್ಬರು' ಎಂದು ಕಾಗದದಲ್ಲಿದ್ದರೆ ಅದು ಯಾರೆಂದು ಮರುದಿನ ಕ್ಯಾಂಟೀನಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ನೀವು ಆಪ್ತಸಮಾಲೋಚಕರನ್ನು ಉಚಿತವಾಗಿ ಕೂರಿಸಿದರೂ ಅವರ ಬಾಗಿಲು ತಟ್ಟುವವರಿರುವುದಿಲ್ಲ.