ಸುಟ್ಟು ತೆಗೆದ ಮೇಲೂ ಎಂಡೋಸ್ಕೋಪಿ ಯಾಕೆ?

ತಂದೆಯವರ ಅನ್ನನಾಳದ ಬ್ಯಾರೆಟ್ ಪದರವನ್ನು, ಅಂದರೆ ಆಮ್ಲದ ಹೊಡೆತಕ್ಕೆ ರೂಪ ಬದಲಿಸಿದ ಒಳಪದರವನ್ನು, ಸುಟ್ಟು ತೆಗೆದಿದ್ದಾರೆ, ಬಯಾಪ್ಸಿಯಲ್ಲಿ ಏನೂ ಇಲ್ಲ, ಆದರೂ ಡಾಕ್ಟರು ಮತ್ತೆ ಮತ್ತೆ ಎಂಡೋಸ್ಕೋಪಿಗೆ ಏಕೆ ಕರೆಯುತ್ತಾರೆ ಎಂದು ಕೇಳಿದ್ದೀರಿ. ನಾನೂ ಇದೇ ಚಿಕಿತ್ಸೆ ಪಡೆದವನು. ದಯವಿಟ್ಟು ಒಂದನ್ನೂ ತಪ್ಪಿಸಬೇಡಿ.

ಎದೆಯುರಿ, ಹುಳಿತೇಗು ಎಂದು ವರ್ಷಗಟ್ಟಲೆ ಮಾತ್ರೆ ನುಂಗಿದವನು ನಾನು. ಕೊನೆಗೆ ಡಾಕ್ಟರು ಪರದೆಯ ಮೇಲೆ ತೋರಿಸಿದರು: ಮುತ್ತಿನಂತೆ ಬೆಳ್ಳಗಿರಬೇಕಾದ ಗೋಡೆಯ ಮೇಲೆ, ಜಠರದ ಕಡೆಯಿಂದ, ಸೀಬೆಹಣ್ಣಿನ ಕೆಂಪು ತಿರುಳಿನ ಬಣ್ಣದ ನಾಲಗೆಗಳು ಚಾಚಿಕೊಂಡಿದ್ದವು. ಆಮ್ಲದ ಹೊಡೆತ ತಾಳಲಾರದೆ ಒಳಪದರ ಕರುಳಿನ ಪದರದ ರೂಪ ತಾಳಿತ್ತು. ಇಷ್ಟೇ ಆಗಿದ್ದರೆ ಕ್ಯಾನ್ಸರಿನ ಸಾಧ್ಯತೆ ತೀರಾ ಕಡಿಮೆ. ನನ್ನದು ಉನ್ನತ ದರ್ಜೆಯ ಡಿಸ್‌ಪ್ಲೇಸಿಯಾ, ಅಂದರೆ ಜೀವಕೋಶಗಳು ಕ್ಯಾನ್ಸರಿನತ್ತ ಹೆಚ್ಚು ಬದಲಾಗಿರುವ ಸ್ಥಿತಿ, ಎಂದು ಇಬ್ಬರು ಪೆಥಾಲಜಿಸ್ಟರು ಹೇಳಿದ ಮೇಲೆ ಉಬ್ಬಿದ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ರೇಡಿಯೋ ತರಂಗಗಳ ಶಾಖದಿಂದ ಮೂರು ಸಲ ಸುಟ್ಟರು. ಪ್ರತಿ ಸಲವೂ ಕೆಲವು ದಿನ ತಣ್ಣನೆಯ ರಾಗಿ ಅಂಬಲಿಯೇ ಊಟ, ಅದೂ ಗುಟುಕು ಗುಟುಕಾಗಿ.

ಈ ವಿಧಾನದ ಬಗ್ಗೆ 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಉನ್ನತ ದರ್ಜೆಯವರ ಪೈಕಿ ಶೇ. 81 ಜನರಿಗೆ ಒಂದು ವರ್ಷದಲ್ಲಿ ಡಿಸ್‌ಪ್ಲೇಸಿಯಾ ಪೂರ್ತಿ ಹೋಗಿತ್ತು. ಒಳ್ಳೆಯ ಫಲವೇ. ಆದರೆ ಹೋದದ್ದು ಮರಳಿ ಬರುವುದುಂಟು, ಅದರಲ್ಲೂ ಅನ್ನನಾಳ ಜಠರವನ್ನು ಕೂಡುವ ಸಂಧಿಯಲ್ಲಿ. ಕೆಲವೊಮ್ಮೆ ಹೊಸ ಪದರ ಹಳೆಯ ಗ್ರಂಥಿಗಳನ್ನು ಮುಚ್ಚಿ ಬೆಳೆದಿರುತ್ತದೆ. ಮೇಲಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಬಯಾಪ್ಸಿ ಬೇಕು. ನನಗೆ ಎರಡನೆಯ ವರ್ಷ ಆ ಸಂಧಿಯಲ್ಲೇ ಚಿಕ್ಕ ತೇಪೆಯೊಂದು ಸಿಕ್ಕಿತು, ಒಂದೇ ಸಲದಲ್ಲಿ ಸುಟ್ಟು ಮುಗಿಸಿದರು. ಆ ಸಲ ನಾನು ಹೋಗದೇ ಇದ್ದಿದ್ದರೆ ಎಂದು ಈಗಲೂ ಎದೆ ನಡುಗುತ್ತದೆ.

ನನ್ನ ತಪಾಸಣೆ ಮೊದಲು 3, 6, 12 ತಿಂಗಳಿಗೆ ನಡೆಯಿತು, ಈಗ ವರ್ಷಕ್ಕೊಮ್ಮೆ. ಡಿಸ್‌ಪ್ಲೇಸಿಯಾ ಕೆಳದರ್ಜೆಯದಾಗಿದ್ದರೆ ಅಂತರ ಹೆಚ್ಚಿರುತ್ತದೆ. ಹಾಗಾಗಿ ತಂದೆಯವರ ಮೊದಲ ವರದಿ ತೆಗೆದು ದರ್ಜೆ ನೋಡಿ. ಸಂಧಿಯಿಂದಲೂ ಬಯಾಪ್ಸಿ ತೆಗೆದರೇ ಎಂದು ಕೇಳಿ. ಎದೆಯುರಿ ಇಲ್ಲವೆಂದು ಆಮ್ಲ ತಗ್ಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸುಟ್ಟ ಜಾಗ ಕಲೆಗಟ್ಟಿ ನಾಳ ಕಿರಿದಾಗುವುದೂ ಉಂಟು, ಬಲೂನಿನಿಂದ ಹಿಗ್ಗಿಸುತ್ತಾರೆ. ಚಪಾತಿ, ಅನ್ನದ ತುತ್ತು ಎದೆಯ ನಡುವೆ ಸಿಕ್ಕಿಕೊಂಡಂತೆ ಆಗುತ್ತಿದೆ ಎಂದು ಅವರು ಹೇಳಿದರೆ, ಮುಂದಿನ ತಾರೀಖಿಗೆ ಕಾಯದೆ ಆ ವಾರವೇ ಕರೆದುಕೊಂಡು ಹೋಗಿ.