ಒಣ ರಾಗಿ ಹುಲ್ಲಿನ ಜೊತೆಗೆ ಪಾಚಿ ಪುಡಿ: ಯಾವ ಕುರಿಗೆ, ಎಷ್ಟು?

ಪ್ರಶ್ನೆ: ನಲವತ್ತು ಕುರಿ ಸಾಕಿದ್ದೇನೆ. ಬೇಸಿಗೆಯಲ್ಲಿ ಮಳೆ ಹಿಡಿಯುವವರೆಗೂ ಒಣ ರಾಗಿ ಹುಲ್ಲೇ ಆಧಾರ. ಹೊಟ್ಟೆ ತುಂಬ ತಿಂದರೂ ಮೈ ಇಳಿಯುತ್ತದೆ. ಸ್ಪಿರುಲಿನಾ ಎಂಬ ಪಾಚಿಯ ಪುಡಿ ಕೊಡಬಹುದೇ? ಅಜೋಲಾ ಬೆಳೆದರೆ ಸಾಲದೇ?
– ಓದುಗರು, ಅರಸೀಕೆರೆ ತಾಲ್ಲೂಕು

ಉತ್ತರ: ಕೊಡಬಹುದು, ಆದರೆ ಇಡೀ ಮಂದೆಗೆ ಬೇಡ. ಕುರಿ ತಿಂದ ಹುಲ್ಲಿನ ನಾರನ್ನು ಒಡೆಯುವುದು ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಮೇವಿನಲ್ಲಿ ಪ್ರೋಟೀನ್ ಶೇಕಡಾ 7ರಿಂದ 8ಕ್ಕಿಂತ ಕಡಿಮೆಯಾದರೆ ಸಾರಜನಕ ಸಾಲದೆ ಅವು ಸೊರಗುತ್ತವೆ. ಹುಲ್ಲು ಕರಗುವುದು ನಿಧಾನವಾಗಿ ಹೊಟ್ಟೆಯಲ್ಲೇ ಉಳಿಯುತ್ತದೆ, ಕುರಿ ತಿನ್ನುವುದೂ ಕಡಿಮೆಯಾಗುತ್ತದೆ. ನೀವು ಕಾಣುತ್ತಿರುವ ತುಂಬಿದ ಹೊಟ್ಟೆ, ಇಳಿದ ಮೈ ಎರಡಕ್ಕೂ ಕಾರಣ ಇದೇ. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಮೇಲು ನಿಜ, ಆದರೂ ಅದರ ಪ್ರೋಟೀನ್ ಶೇಕಡಾ 3ರಿಂದ 4 ಮಾತ್ರ.

ಇಪ್ಪತ್ತೈದು ಕಿಲೋ ತೂಕದ ಕುರಿ ದಿನಕ್ಕೆ ಸುಮಾರು 750 ಗ್ರಾಂ ಒಣ ಮೇವು ತಿನ್ನುತ್ತದೆ ಎಂದುಕೊಳ್ಳಿ. ಅದರಲ್ಲಿ ಸಿಗುವ ಪ್ರೋಟೀನ್ 26 ಗ್ರಾಂ, ಬೇಕಾದದ್ದು ಕನಿಷ್ಠ 55 ಗ್ರಾಂ. ಈ 30 ಗ್ರಾಂ ಕೊರತೆಯನ್ನು ಶೇಕಡಾ 60 ಪ್ರೋಟೀನ್ ಇರುವ ಸ್ಪಿರುಲಿನಾದಿಂದ ತುಂಬಲು 50 ಗ್ರಾಂ ಪುಡಿ, ಕಡಲೆಕಾಯಿ ಹಿಂಡಿಯಿಂದಾದರೆ ಸುಮಾರು 75 ಗ್ರಾಂ ಬೇಕು. ತೂಕದಲ್ಲಿ ವ್ಯತ್ಯಾಸ ಅಷ್ಟೇ, ಬೆಲೆಯಲ್ಲಿ ಪುಡಿ ಹಿಂಡಿಗಿಂತ ಹಲವು ಪಟ್ಟು ದುಬಾರಿ. ನಲವತ್ತು ಕುರಿಗೆ ದಿನಕ್ಕೆ ಎರಡು ಕಿಲೋ ಪುಡಿ ಕೊಳ್ಳುವುದು ನಮ್ಮ ರೈತರಿಗೆ ಗಿಟ್ಟುವ ಮಾತಲ್ಲ.

ಅಜೋಲಾ ಪಾಚಿಯಲ್ಲ, ನೀರಿನ ಮೇಲೆ ತೇಲುವ ಜರಿಗಿಡ. ಅದರ ಎಲೆಯೊಳಗಿರುವ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಆದರೆ ಹಸಿ ಅಜೋಲಾದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ ಇರುವುದರಿಂದ ಒಂದು ಕಿಲೋದಲ್ಲಿ ಸಿಗುವ ಪ್ರೋಟೀನ್ ಹನ್ನೆರಡು ಗ್ರಾಂ ಆಸುಪಾಸು. ಒಂದೊಂದು ಕುರಿಗೆ ಎರಡೂವರೆ ಕಿಲೋ ಬೆಳೆಯುವಷ್ಟು ನೀರು ಬೇಸಿಗೆಯ ಅರಸೀಕೆರೆಯಲ್ಲಿ ಎಲ್ಲಿಂದ ಬರಬೇಕು? ಅದರ ಬದಲು ಬದುವಿನ ಮೇಲಿನ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾದ ಸೊಪ್ಪನ್ನು ಕೊಯ್ದು, ಒಂದು ದಿನ ಬಾಡಿಸಿ, ಕುರಿಗೆ ಅರ್ಧ ಕಿಲೋದಂತೆ ಹಾಕಿದರೆ ಕೊರತೆ ಬಹುಪಾಲು ತುಂಬುತ್ತದೆ. ಮೊದಮೊದಲು ಮೂಸಿ ಬಿಡುತ್ತವೆ. ರೂಢಿಯಾಗಲು ಒಂದೆರಡು ವಾರ ಹಿಡಿಯುತ್ತದೆ. ಅವರೆ, ಹುರುಳಿ ಹೊಟ್ಟನ್ನು ಸುಗ್ಗಿಯಲ್ಲೇ ಕೂಡಿಟ್ಟುಕೊಂಡರೆ ಅದೂ ನೆರವಿಗೆ ಬರುತ್ತದೆ.

ಹೊಟ್ಟೆಯೊಳಗಿನ ಮರಿ ಹೆಚ್ಚಾಗಿ ಬೆಳೆಯುವುದು ಗರ್ಭದ ಕೊನೆಯ ಆರು ವಾರಗಳಲ್ಲಿ. ಪಾಚಿ ಪುಡಿ ಕೊಳ್ಳುವ ಮನಸ್ಸಿದ್ದರೆ ಆ ಹಂತದ ಗಬ್ಬದ ಕುರಿಗಳಿಗೆ ಮಾತ್ರ ಮೀಸಲಿಡಿ. 5 ಗ್ರಾಂನಿಂದ ಶುರುಮಾಡಿ, ಬೂಸಾದಲ್ಲಿ ಕಲಸಿ, ಎರಡು ವಾರಗಳಲ್ಲಿ ನಿಧಾನವಾಗಿ ಏರಿಸಿ, ಉಳಿದ ಕೊರತೆಯನ್ನು ಹಿಂಡಿಯಿಂದ ತುಂಬಿ.

ಪ್ರಶ್ನೆ: ನಮ್ಮೂರ ಕೆರೆಯ ಮೇಲೆ ಬೇಸಿಗೆಯಲ್ಲಿ ಹಸಿರು ಪಾಚಿ ಕಟ್ಟುತ್ತದೆ. ಅದನ್ನೇ ಒಣಗಿಸಿ ಮೇಕೆಗಳಿಗೆ ಹಾಕಬಹುದೇ?
– ಓದುಗರು, ಕಡೂರು

ಉತ್ತರ: ಖಂಡಿತ ಹಾಕಬೇಡಿ. ಬಣ್ಣ ಸುರಿದಂತೆ ಕೆರೆಯ ಮೇಲೆ ಹರಡುವ ಪಾಚಿಯಲ್ಲಿ ಮೈಕ್ರೋಸಿಸ್ಟಿಸ್ ಎಂಬ ವಿಷದ ನೀಲಿ-ಹಸಿರು ಪಾಚಿ ಇರುವ ಸಂಭವ ಹೆಚ್ಚು. ಅದರ ವಿಷ ಯಕೃತ್ತನ್ನೇ ಹಾಳುಮಾಡುತ್ತದೆ, ಒಣಗಿಸಿದರೂ ಕುದಿಸಿದರೂ ಹೋಗುವುದಿಲ್ಲ. ಸ್ಪಿರುಲಿನಾವನ್ನು ಶುದ್ಧ ತಳಿಯಿಂದ, ಸೋಡಾ ಬೆರೆಸಿದ ಕ್ಷಾರದ ನೀರಿನ ತೊಟ್ಟಿಯಲ್ಲಿ ಬೆಳೆಸುವುದೇ ಬೇರೆ ಪಾಚಿ ಸುಲಭವಾಗಿ ಸೇರದಿರಲೆಂದು. ಗಾಳಿ ಕೆರೆಯ ಪಾಚಿಯನ್ನು ಒಂದೇ ದಡಕ್ಕೆ ತಳ್ಳುತ್ತದೆ. ಆ ದಡದಲ್ಲಿ ಮೇಕೆಗಳಿಗೆ ನೀರೂ ಕುಡಿಸಬೇಡಿ, ಸಾಧ್ಯವಿದ್ದರೆ ಕೊಳವೆಬಾವಿಯ ತೊಟ್ಟಿಗೇ ಹೊಡೆಯಿರಿ. ಕುಡಿದ ಮೇಲೆ ಮೇವು ಬಿಟ್ಟು ಮಂಕಾಗಿ ನಿಂತರೆ, ಕಣ್ಣು ಹಳದಿಯಾದರೆ, ಆ ದಿನವೇ ಪಶುವೈದ್ಯರಿಗೆ ತೋರಿಸಿ, ಕೆರೆಯ ವಿಷಯವನ್ನೂ ಅವರಿಗೆ ತಿಳಿಸಿ.